ಬೆಳ್ಳಿ ನಾಣ್ಯಕ್ಕೆ ಕೊಡುವ ಹೆಚ್ಚುವರಿ ಹಣ: ಯಾರಿಗೆ ಸಾರ್ಥಕ, ಯಾರಿಗೆ ದಂಡ?

ಅಕ್ಷಯ ತೃತೀಯ, ವರಮಹಾಲಕ್ಷ್ಮಿ ವ್ರತ ಅಥವಾ ದೀಪಾವಳಿ ಹತ್ತಿರವಾದಾಗಲೆಲ್ಲ ಓದುಗರಿಂದ ಹೆಚ್ಚುಕಡಿಮೆ ಒಂದೇ ಪ್ರಶ್ನೆ ಬರುತ್ತದೆ. ಚಿನ್ನ ಕೈಗೆಟುಕುತ್ತಿಲ್ಲ, ಬೆಳ್ಳಿಯನ್ನಾದರೂ ಕೂಡಿಡೋಣ ಎಂದುಕೊಂಡಿದ್ದೇವೆ; ಆದರೆ ಪತ್ರಿಕೆಯ ಚಿನಿವಾರ ಪೇಟೆ ಅಂಕಣದಲ್ಲಿ ಕಂಡ ದರಕ್ಕೂ ಅಂಗಡಿಯವರು ನಾಣ್ಯಕ್ಕೆ ಹೇಳುವ ದರಕ್ಕೂ ಬಹಳ ಅಂತರವಿದೆ. ಅಷ್ಟು ಹೆಚ್ಚು ಕೊಟ್ಟು ನಾಣ್ಯ ಕೊಳ್ಳಬೇಕೇ? ಗಟ್ಟಿ ತೆಗೆದುಕೊಳ್ಳುವುದು ಮೇಲೇ? ಇಟಿಎಫ್‌ಗೆ, ಅಂದರೆ ಷೇರುಪೇಟೆಯಲ್ಲಿ ಘಟಕಗಳಾಗಿ ಸಿಗುವ ಬೆಳ್ಳಿ ನಿಧಿಗೆ, ಹಾಕಿಬಿಡುವುದೇ? ಅಥವಾ ಹೇಗೂ ಬೆಳ್ಳಿಯೇ ತಾನೇ ಎಂದು ದೀಪ, ತಟ್ಟೆ ಮಾಡಿಸಿಕೊಳ್ಳುವುದೇ?

ನನ್ನ ಅಭಿಪ್ರಾಯವನ್ನು ಮೊದಲೇ ಹೇಳುತ್ತೇನೆ. ಉಳಿತಾಯವೊಂದೇ ಉದ್ದೇಶವಾಗಿದ್ದರೆ ಐದು, ಹತ್ತು ಗ್ರಾಂ ನಾಣ್ಯಗಳಿಗೆ ಆ ಹೆಚ್ಚುವರಿ ಹಣ ಕೊಡುವುದು ದಂಡ. ಆದರೆ ನಾಣ್ಯದಿಂದ ಮಾತ್ರ ಆಗುವ ಕೆಲವು ಕೆಲಸಗಳಿವೆ. ಆ ಕೆಲಸ ನಿಮಗೆ ನಿಜವಾಗಿ ಬೇಕಿದ್ದರೆ ಕೊಟ್ಟ ಹಣ ವ್ಯರ್ಥವಲ್ಲ. ನಿಮಗೆ ಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸಲು ಅಳತೆಗೋಲು ಬೇಕು, ಅಲ್ಲಿಂದಲೇ ಆರಂಭಿಸೋಣ.

ಯಾವುದನ್ನು ಅಳೆಯಬೇಕು

ಬಹಳ ಮಂದಿ ಅಂಗಡಿಯಿಂದ ಅಂಗಡಿಗೆ ಕೊಳ್ಳುವ ದರವನ್ನು ಮಾತ್ರ ಹೋಲಿಸುತ್ತಾರೆ. ಅದು ಅರ್ಧ ಲೆಕ್ಕ. ಇಂದು ಕೊಂಡ ಬೆಳ್ಳಿಯನ್ನು ನಾಳೆಯೇ, ಪೇಟೆಯ ದರ ಒಂದು ಪೈಸೆಯೂ ಬದಲಾಗದೆ ಇರುವಾಗ, ಮಾರಿದರೆ ಕೈಗೆ ಎಷ್ಟು ಬರುತ್ತದೆ? ಆ ನಷ್ಟವೇ ನೀವು ತೆರುವ ನಿಜವಾದ ಬೆಲೆ. ಅದರಲ್ಲಿ ಮೂರು ಭಾಗಗಳಿವೆ: ನಾಣ್ಯದ ಮಜೂರಿ ಮತ್ತು ಅಂಗಡಿಯ ಲಾಭ, ಒಟ್ಟು ಮೊತ್ತದ ಮೇಲಿನ ಶೇಕಡಾ 3 ಜಿಎಸ್‌ಟಿ, ಮತ್ತು ಮರಳಿ ಮಾರುವಾಗ ಅಂಗಡಿಯವರು ಮಾಡುವ ಕಡಿತ. ಮನೆಯವರು ಮಾರುವಾಗ ಜಿಎಸ್‌ಟಿ ವಾಪಸು ಬರುವುದಿಲ್ಲ, ಅದು ಹೋದದ್ದೇ.

ಇದಾದ ಮೇಲೆ ಉಳಿದವು: ಶುದ್ಧತೆಗೆ ಯಾರು ಜವಾಬ್ದಾರರು, ಬೇಕಾದಷ್ಟನ್ನೇ ಬಿಡಿಸಿ ಮಾರಬಹುದೇ, ಎಲ್ಲಿ ಇಡುವುದು, ಕಷ್ಟಕಾಲದಲ್ಲಿ ಅಡವಿಟ್ಟು ಸಾಲ ಪಡೆಯಬಹುದೇ, ಮಾರಿದಾಗ ತೆರಿಗೆ ಎಷ್ಟು. ಈ ಪಟ್ಟಿಯಲ್ಲಿ ಎಲ್ಲಕ್ಕೂ ಸಮಾನ ತೂಕವಿಲ್ಲ. ಸಾಲದ ಅಗತ್ಯವೇ ಬೀಳದ ಮನೆಗೆ ಸಾಲದ ಪ್ರಶ್ನೆ ಅಪ್ರಸ್ತುತ. ಸಣ್ಣ ವ್ಯಾಪಾರ ನಡೆಸುವವರಿಗೆ ಅದೇ ಮೊದಲ ಪ್ರಶ್ನೆ.

ಬೆಳ್ಳಿಗೆ ಮಜೂರಿ ಏಕೆ ಭಾರ

ನಾಣ್ಯ ಮಾಡುವುದೆಂದರೆ ತಗಡು ಕತ್ತರಿಸುವುದು, ಛಾಪು ಒತ್ತುವುದು, ತೂಕ ಸರಿಪಡಿಸುವುದು, ಪ್ಲಾಸ್ಟಿಕ್ ಕಾರ್ಡಿನಲ್ಲಿ ಮುದ್ರೆ ಮಾಡಿ ಪೆಟ್ಟಿಗೆಗೆ ಹಾಕುವುದು. ಹತ್ತು ಗ್ರಾಂ ಚಿನ್ನದ ನಾಣ್ಯಕ್ಕೂ ಹತ್ತು ಗ್ರಾಂ ಬೆಳ್ಳಿಯ ನಾಣ್ಯಕ್ಕೂ ಈ ಕೆಲಸ ಹೆಚ್ಚುಕಡಿಮೆ ಒಂದೇ. ಅದಕ್ಕೆ 80 ರೂಪಾಯಿ ಖರ್ಚಾಯಿತು ಎನ್ನೋಣ. ಚಿನ್ನದ ಬೆಲೆಯಲ್ಲಿ ಅದು ಲೆಕ್ಕಕ್ಕೇ ಬಾರದು. ಸಾವಿರ ರೂಪಾಯಿಯ ಬೆಳ್ಳಿಯಲ್ಲಿ ಅದೇ ಶೇಕಡಾ 8. ಐದು ಗ್ರಾಂ ನಾಣ್ಯವಾದರೆ ಶೇಕಡಾ 16. ಅಂಗಡಿಯವರ ದುರಾಸೆ ಎಂದು ನಾವು ಅಂದುಕೊಳ್ಳುವುದರಲ್ಲಿ ಒಂದು ಪಾಲು ಇಂಥ ಸರಳ ಗಣಿತ. ಆದ್ದರಿಂದಲೇ ತೂಕ ಹೆಚ್ಚಿದಂತೆ ಗ್ರಾಂವಾರು ಹೆಚ್ಚುವರಿ ಇಳಿಯುತ್ತದೆ.

ಇದೇ ಗಣಿತದಿಂದ ಇನ್ನೊಂದು ಸಂಗತಿ ಹೊರಡುತ್ತದೆ. ಛಾಪಿನ ಖರ್ಚು ನಾಣ್ಯಕ್ಕಿಷ್ಟು ಎಂದು ನಿಂತಿರುವುದರಿಂದ ಬೆಳ್ಳಿಯ ದರ ಏರಿದಂತೆ ಹೆಚ್ಚುವರಿಯ ಶೇಕಡಾ ಪಾಲು ಇಳಿಯಬೇಕು. ಮಜೂರಿಯನ್ನು ಶೇಕಡಾವಾರು ಹಿಡಿಯುವ ಅಂಗಡಿಯಲ್ಲಿ ಅದು ಇಳಿಯುವುದಿಲ್ಲ. ದರ ದುಪ್ಪಟ್ಟಾದರೆ ಮಜೂರಿಯೂ ದುಪ್ಪಟ್ಟಾಗುತ್ತದೆ, ಕೆಲಸ ಮಾತ್ರ ಅಷ್ಟೇ. ಮಜೂರಿ ನಾಣ್ಯಕ್ಕಿಷ್ಟೋ ಶೇಕಡಾ ಇಷ್ಟೋ ಎಂದು ಕೇಳಿಯೇ ಮುಂದುವರಿಯಿರಿ.

ಈಗ ಲೆಕ್ಕ. ಸುಲಭವಾಗಲೆಂದು ಬೆಳ್ಳಿಯ ದರ ಗ್ರಾಂಗೆ 100 ರೂಪಾಯಿ ಎಂದು ಇಟ್ಟುಕೊಳ್ಳಿ. ಹೆಚ್ಚುವರಿ ಮತ್ತು ಕಡಿತದ ಅಂಕಿಗಳು ಉದಾಹರಣೆಗೆ ಹಿಡಿದವು. ನಿಮ್ಮೂರಿನ ಅಂಗಡಿಯ ಅಂಕಿಗಳನ್ನು ಆ ಜಾಗದಲ್ಲಿ ಹಾಕಿಕೊಳ್ಳಿ.

ಹತ್ತು ಗ್ರಾಂ ನಾಣ್ಯ: ಲೋಹ 1,000 ರೂಪಾಯಿ, ಶೇಕಡಾ 15 ಹೆಚ್ಚುವರಿ ಸೇರಿ 1,150, ಜಿಎಸ್‌ಟಿ ಸೇರಿ 1,184.50. ಮರಳಿ ಮಾರುವಾಗ ಶೇಕಡಾ 5 ಕಡಿತವಾದರೆ ಕೈಗೆ 950. ಅಂದರೆ ಹಾಕಿದ ಹಣ ಹಿಂದಿರುಗಲು ಬೆಳ್ಳಿಯ ದರ ಶೇಕಡಾ 25ರಷ್ಟು ಏರಬೇಕು.

ನೂರು ಗ್ರಾಂ ಗಟ್ಟಿ: ಶೇಕಡಾ 6 ಹೆಚ್ಚುವರಿ, ಜಿಎಸ್‌ಟಿ ಸೇರಿ 10,918. ಶೇಕಡಾ 3 ಕಡಿತದಲ್ಲಿ ಮಾರಿದರೆ 9,700. ಶೇಕಡಾ 12.5ರಷ್ಟು ಏರಿಕೆ ಬೇಕು.

ಒಂದು ಕಿಲೋ ಗಟ್ಟಿ: ಶೇಕಡಾ 2 ಹೆಚ್ಚುವರಿ, ಜಿಎಸ್‌ಟಿ ಸೇರಿ 1,05,060. ಶೇಕಡಾ 2 ಕಡಿತ ಕಳೆದು 98,000. ಶೇಕಡಾ 7ಕ್ಕೆ ಸ್ವಲ್ಪ ಮೇಲೆ.

ಒಂದೇ ಲೋಹ, ಒಂದೇ ದಿನ. ಸಣ್ಣ ನಾಣ್ಯ ಹಿಡಿದವರು ಶೇಕಡಾ 25ರ ದಿಣ್ಣೆ ಹತ್ತಬೇಕು, ಕಿಲೋ ಗಟ್ಟಿ ಹಿಡಿದವರಿಗೆ ಅದರ ಮೂರನೇ ಒಂದು ಭಾಗಕ್ಕಿಂತ ಕಡಿಮೆ.

ಅಂಗಡಿಯ ನಾಣ್ಯ, ಟಂಕಸಾಲೆಯ ನಾಣ್ಯ, ಬ್ಯಾಂಕಿನ ನಾಣ್ಯ

ನಾಣ್ಯ ಎಂದರೆ ಎಲ್ಲವೂ ಒಂದೇ ಅಲ್ಲ. ಚಿಕ್ಕಪೇಟೆ, ನಗರ್ತಪೇಟೆಯಂಥ ಕಡೆ ಸಿಗುವ ಲಕ್ಷ್ಮಿ, ಗಣೇಶನ ಛಾಪಿನ ನಾಣ್ಯಗಳನ್ನು ಸ್ಥಳೀಯವಾಗಿ ಒತ್ತಿರುತ್ತಾರೆ. ಹೆಚ್ಚುವರಿ ಕಡಿಮೆ, ಚೌಕಾಸಿಗೆ ಜಾಗ ಇದೆ, ಅದೇ ಅಂಗಡಿ ತನ್ನ ನಾಣ್ಯವನ್ನು ಮರುಮಾತಿಲ್ಲದೆ ವಾಪಸು ಪಡೆಯುತ್ತದೆ. ತೊಂದರೆ ಎಂದರೆ ಊರು ಬಿಟ್ಟು ಬೇರೆ ಊರಿಗೆ ಹೋದಾಗ ಆ ಛಾಪಿನ ಮೇಲೆ ಯಾರಿಗೂ ನಂಬಿಕೆ ಇರುವುದಿಲ್ಲ. ಅಲ್ಲಿ ಅದು ಬರಿಯ ಹಳೆಯ ಬೆಳ್ಳಿ.

ಹರಿಯಾಣದ ನೂಹ್‌ನಲ್ಲಿ ಶುದ್ಧೀಕರಣ ಘಟಕ ಇರುವ ಎಂಎಂಟಿಸಿ-ಪ್ಯಾಂಪ್‌ನಂಥ, ಲಂಡನ್ ಬುಲಿಯನ್ ಮಾರುಕಟ್ಟೆಯ ಮಾನ್ಯತೆ ಪಡೆದ ಸಂಸ್ಥೆಗಳ ನಾಣ್ಯ 999.9 ಶುದ್ಧತೆಯದು (ಸಾವಿರ ಪಾಲಿನಲ್ಲಿ 999.9 ಪಾಲು ಬೆಳ್ಳಿ), ಮುದ್ರೆಯ ಕಾರ್ಡಿನಲ್ಲಿ ಬರುತ್ತದೆ. ಇಲ್ಲಿ ಹೆಚ್ಚುವರಿ ಜಾಸ್ತಿ. ಕೊಟ್ಟದ್ದಕ್ಕೆ ಪ್ರತಿಯಾಗಿ ನಿಮಗೆ ಸಿಗುವುದು ಶುದ್ಧತೆಯ ಬಗ್ಗೆ ನೆಮ್ಮದಿ ಮತ್ತು ದೇಶದ ಯಾವ ಊರಿನಲ್ಲೂ ಗುರುತಿಸುವ ಹೆಸರು. ಆದರೆ ಆ ಹೆಸರಿಗೆ ಕೊಟ್ಟ ಹಣ ಮಾರುವಾಗ ಪೂರ್ತಿ ಹಿಂದಿರುಗುತ್ತದೆ ಎಂದು ಎಣಿಸಬೇಡಿ. ಸಾಮಾನ್ಯ ಅಂಗಡಿಯವರು ಲೋಹಕ್ಕೆ ಮಾತ್ರ ಬೆಲೆ ಕಟ್ಟುತ್ತಾರೆ. ಕಾರ್ಡನ್ನು ಹರಿದರೆ ಆ ನೆಮ್ಮದಿಯೂ ಹೋಯಿತು. ಮಕ್ಕಳ ಕೈಗೆ ಕೊಟ್ಟು ಬಿಡಿಸಬೇಡಿ.

ಬ್ಯಾಂಕಿನಲ್ಲಿ ಕೊಂಡರೆ ಭದ್ರ ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿದೆ. ಬ್ಯಾಂಕುಗಳು ನಾಣ್ಯ ಮಾರುತ್ತವೆಯೇ ಹೊರತು ಮರಳಿ ಕೊಳ್ಳುವುದಿಲ್ಲ. ಕೊನೆಗೆ ಅದನ್ನು ಹಿಡಿದುಕೊಂಡು ಆಭರಣದ ಅಂಗಡಿಗೇ ಹೋಗಬೇಕು. ಬ್ಯಾಂಕಿನ ಹೆಸರಿಗಾಗಿ ಹೆಚ್ಚು ಕೊಡಲು ನನಗೆ ಕಾರಣ ಕಾಣುವುದಿಲ್ಲ.

ಸರ್ಕಾರಿ ಟಂಕಸಾಲೆಗಳು ಹೊರಡಿಸುವ ಸ್ಮರಣಾರ್ಥ ನಾಣ್ಯಗಳ ಬಗ್ಗೆ ಎಚ್ಚರಿಕೆ ಇನ್ನೂ ಹೆಚ್ಚು ಬೇಕು. 2023ರಲ್ಲಿ ಹೊಸ ಸಂಸತ್ ಭವನಕ್ಕಾಗಿ ಹೊರಟ 75 ರೂಪಾಯಿಯ ನಾಣ್ಯವನ್ನೇ ತೆಗೆದುಕೊಳ್ಳಿ. ತೂಕ 35 ಗ್ರಾಂ, ಆದರೆ ಬೆಳ್ಳಿ ಶೇಕಡಾ 50 ಮಾತ್ರ. ಉಳಿದದ್ದು ತಾಮ್ರ 40, ನಿಕಲ್ 5, ಸತು 5. ಅಂದರೆ ಕೈಯಲ್ಲಿರುವುದು 17.5 ಗ್ರಾಂ ಬೆಳ್ಳಿ. 2010ರ ತಂಜಾವೂರು ಬೃಹದೀಶ್ವರ ದೇವಾಲಯದ ಸಾವಿರ ರೂಪಾಯಿಯ ನಾಣ್ಯದಲ್ಲಿ ಶೇಕಡಾ 80 ಬೆಳ್ಳಿ ಇದೆ. ಇವು ಸಂಗ್ರಾಹಕರ ವಸ್ತುಗಳು, ಇವುಗಳ ಬೆಲೆ ನಿಂತಿರುವುದು ಇನ್ನೊಬ್ಬ ಸಂಗ್ರಾಹಕನ ಆಸೆಯ ಮೇಲೆ. ಇಷ್ಟಪಟ್ಟು ಕೊಳ್ಳಿ, ಬೆಳ್ಳಿಯ ಉಳಿತಾಯ ಎಂದು ಮಾತ್ರ ಬರೆದುಕೊಳ್ಳಬೇಡಿ.

ಹಳೆಯ ಮನೆಗಳ ಪೆಟ್ಟಿಗೆಯಲ್ಲಿ ರಾಣಿ ಛಾಪಿನ ರೂಪಾಯಿಗಳಿರುತ್ತವೆ. ವಿಕ್ಟೋರಿಯಾ ಕಾಲದ ಒಂದು ರೂಪಾಯಿ 11.66 ಗ್ರಾಂ ತೂಗುತ್ತದೆ, ಅಂದರೆ ಒಂದು ತೊಲ. ಅದರಲ್ಲಿ ಶೇಕಡಾ 91.7 ಬೆಳ್ಳಿ. 1940ರಿಂದ ಆರನೇ ಜಾರ್ಜ್ ಹೆಸರಿನಲ್ಲಿ ಬಂದ ಹೊಸ ರೂಪಾಯಿಯಲ್ಲಿ ಬೆಳ್ಳಿ ಅರ್ಧಕ್ಕೆ ಇಳಿಯಿತು, 1947ರ ರೂಪಾಯಿ ಪೂರ್ತಿ ನಿಕಲ್. ಕಣ್ಣಿಗೆ ಒಂದೇ ಬಗೆಯಾಗಿ ಕಾಣುವ ಈ ಮೂರರ ನಡುವೆ ಲೋಹದ ಬೆಲೆಯಲ್ಲಿ ಭೂಮಿ ಆಕಾಶದ ಅಂತರ. ಮನೆಯಲ್ಲಿದ್ದರೆ ಇಸವಿ ನೋಡದೆ ಕರಗಿಸಲು ಕೊಡಬೇಡಿ. 1911ರ ಐದನೇ ಜಾರ್ಜ್ ರೂಪಾಯಿಯಲ್ಲಿ ದೊರೆಯ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಾಣುತ್ತದೆಂದು ಗದ್ದಲವಾಗಿ ನಾಣ್ಯವನ್ನೇ ಹಿಂದಕ್ಕೆ ಪಡೆದರು. ಅಂಥದ್ದು ಸಿಕ್ಕರೆ ಅದರ ಬೆಲೆ ಬೆಳ್ಳಿಯ ತೂಕದಲ್ಲಿಲ್ಲ. ಆದರೆ ಹೊಸದಾಗಿ ಹಳೆ ರೂಪಾಯಿ ಕೊಳ್ಳಲು ಹೊರಡಬೇಡಿ. ನಕಲಿಗಳು ಹೇರಳವಾಗಿವೆ, ಅನುಭವಿ ಕಣ್ಣೂ ಎಡವುತ್ತದೆ.

ಸಾಲದ ವಿಷಯ: ನಾಣ್ಯ ಗೆಲ್ಲುವ ಜಾಗ

ಭಾರತೀಯ ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ಚಿನ್ನ ಮತ್ತು ಬೆಳ್ಳಿ ಅಡಮಾನ ಸಾಲಗಳಿಗೆ ಹೊಸ ನಿರ್ದೇಶನ ಹೊರಡಿಸಿತು. ಜಾರಿಗೆ ನಿಗದಿಯಾದ ಗಡುವು 2026ರ ಏಪ್ರಿಲ್ 1. ಅದರ ಪ್ರಕಾರ ಬೆಳ್ಳಿಯ ಒಡವೆ ಮತ್ತು ನಾಣ್ಯಗಳನ್ನು ಅಡವಿಟ್ಟು ಸಾಲ ಪಡೆಯಬಹುದು. ಗಟ್ಟಿಗಳ ಮೇಲೆ ಸಾಲವಿಲ್ಲ. ಬೆಳ್ಳಿ ಇಟಿಎಫ್ ಘಟಕಗಳನ್ನೂ ಇದರ ಹೊರಗಿಟ್ಟಿದ್ದಾರೆ. ಒಬ್ಬರು ಅಡವಿಡಬಹುದಾದ ಮಿತಿ ಒಡವೆಗೆ 10 ಕಿಲೋ, ನಾಣ್ಯಕ್ಕೆ 500 ಗ್ರಾಂ. ಎರಡೂವರೆ ಲಕ್ಷದವರೆಗಿನ ಸಾಲಕ್ಕೆ ಬೆಳ್ಳಿಯ ಮೌಲ್ಯದ ಶೇಕಡಾ 85ರವರೆಗೆ, ಐದು ಲಕ್ಷದವರೆಗೆ ಶೇಕಡಾ 80, ಅದಕ್ಕೂ ಮೇಲೆ ಶೇಕಡಾ 75. ಮೌಲ್ಯ ಕಟ್ಟುವುದು ಲೋಹಕ್ಕೆ ಮಾತ್ರ, ಮಜೂರಿಗಲ್ಲ.

ಇದನ್ನು ನಾನು ಒತ್ತಿ ಹೇಳಲು ಕಾರಣವಿದೆ. ಶಾಲೆಯ ಶುಲ್ಕ, ಬಿತ್ತನೆ, ಆಸ್ಪತ್ರೆ ಎಂದು ಎರಡು ಮೂರು ತಿಂಗಳಿಗೆ ಹಣ ಹೊಂದಿಸಬೇಕಾದ ಮನೆಗಳು ನಮ್ಮಲ್ಲಿ ಬಹಳ. ಕಿಲೋ ಗಟ್ಟಿ ಕೊಂಡವರು ಆಗ ಮಾರಲೇಬೇಕು, ಅದೂ ಪೂರ್ತಿಯಾಗಿ. ಗಟ್ಟಿಯ ಮೂಲೆ ಕತ್ತರಿಸಿ ಕೊಟ್ಟರೆ ಉಳಿದ ಭಾಗಕ್ಕೆ ಮುದ್ರೆಯ ಬೆಲೆ ಇರುವುದಿಲ್ಲ. ನಾಣ್ಯವಿದ್ದರೆ ಅಡವಿಟ್ಟು ಬಿಡಿಸಿಕೊಳ್ಳಬಹುದು, ಇಲ್ಲವೇ ನಾಲ್ಕನ್ನು ಮಾರಿ ಆರನ್ನು ಉಳಿಸಿಕೊಳ್ಳಬಹುದು. ಅಂಥ ಮನೆಗೆ ನಾಣ್ಯದ ಹೆಚ್ಚುವರಿ ಒಂದು ಸೌಲಭ್ಯಕ್ಕೆ ಕೊಟ್ಟ ಬೆಲೆ. ಆದರೂ ಐದು ಗ್ರಾಂನವುಗಳನ್ನು ಬಿಟ್ಟು 50 ಗ್ರಾಂ ನಾಣ್ಯಗಳನ್ನು ಕೊಳ್ಳಿ. ಅಂಥ ಹತ್ತಕ್ಕೆ 500 ಗ್ರಾಂ ಮಿತಿ ತುಂಬುತ್ತದೆ, ಬಿಡಿಸಿ ಮಾರಲೂ ಅನುಕೂಲ, ಹೆಚ್ಚುವರಿಯೂ ಸಣ್ಣ ನಾಣ್ಯಗಳಿಗಿಂತ ಕಡಿಮೆ.

ಗಟ್ಟಿ

ಅಡವಿಡುವ ಯೋಚನೆ ಇಲ್ಲದವರಿಗೆ, ಕೈಯಲ್ಲಿ ಹಿಡಿಯುವ ಬೆಳ್ಳಿಯೇ ಬೇಕು ಎನ್ನುವವರಿಗೆ ಗಟ್ಟಿಯೇ ಸರಿ. ಮೇಲಿನ ಲೆಕ್ಕ ಅದನ್ನು ಹೇಳಿಯೇ ಇದೆ. ಕಿಲೋ ಗಟ್ಟಿಗೆ ಒಮ್ಮೆಗೇ ದೊಡ್ಡ ಮೊತ್ತ ಬೇಕು. ಅದು ಆಗದಿದ್ದರೆ 100 ಗ್ರಾಂ ಅಥವಾ 250 ಗ್ರಾಂ ಗಟ್ಟಿಯ ಹಣ ಕೂಡುವವರೆಗೆ ಉಳಿತಾಯ ಖಾತೆಯಲ್ಲಿಟ್ಟು ಆಮೇಲೆ ಕೊಳ್ಳಿ. ಪ್ರತಿ ತಿಂಗಳೂ ಹತ್ತು ಗ್ರಾಂ ನಾಣ್ಯ ಕೊಳ್ಳುವ ಅಭ್ಯಾಸಕ್ಕಿಂತ ವರ್ಷಕ್ಕೊಮ್ಮೆ ನೂರು ಗ್ರಾಂ ಗಟ್ಟಿ ಕೊಳ್ಳುವುದು ಎಷ್ಟೋ ಮೇಲು.

ಇಡುವ ಜಾಗದ ಪ್ರಶ್ನೆ ಬೆಳ್ಳಿಯಲ್ಲಿ ಹಗುರವಲ್ಲ. ಒಂದೇ ಬೆಲೆಯ ಚಿನ್ನಕ್ಕೆ ಹೋಲಿಸಿದರೆ ಬೆಳ್ಳಿ ಹತ್ತಾರು ಪಟ್ಟು ಭಾರ. ಸಾಂದ್ರತೆ ಕಡಿಮೆ ಇರುವುದರಿಂದ ಜಾಗವನ್ನು ಇನ್ನೂ ಹೆಚ್ಚು ತಿನ್ನುತ್ತದೆ. ಅದಕ್ಕೆಂದೇ ಲಾಕರ್ ಹಿಡಿದರೆ ಬಾಡಿಗೆ, ಅದರ ಮೇಲೆ ಶೇಕಡಾ 18 ಜಿಎಸ್‌ಟಿ ಪ್ರತಿ ವರ್ಷ. ಒಡವೆಗಾಗಿ ಲಾಕರ್ ಆಗಲೇ ಇದ್ದರೆ ಈ ಖರ್ಚನ್ನು ಲೆಕ್ಕಕ್ಕೆ ಹಿಡಿಯಬೇಕಿಲ್ಲ. ಗಾಳಿಯಲ್ಲಿನ ಗಂಧಕದ ಅಂಶದಿಂದ ಬೆಳ್ಳಿ ಕಪ್ಪಾಗುವುದು ಸಹಜ. ಅದರಿಂದ ಬೆಲೆ ಇಳಿಯುವುದಿಲ್ಲ. ಬೂದಿ, ಹಲ್ಲಿನ ಪುಡಿ ಹಾಕಿ ಉಜ್ಜಿದರೆ ಮಾತ್ರ ತೂಕವೇ ಸವೆಯುತ್ತದೆ.

ಇಟಿಎಫ್

ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2021ರ ಕೊನೆಗೆ ಅನುಮತಿ ಕೊಟ್ಟ ಮೇಲೆ 2022ರ ಜನವರಿಯಿಂದ ಬೆಳ್ಳಿ ಇಟಿಎಫ್‌ಗಳು ನಮ್ಮ ಷೇರುಪೇಟೆಯಲ್ಲಿವೆ. ನಿಮ್ಮ ಹಣಕ್ಕೆ ಪ್ರತಿಯಾಗಿ ನಿಧಿಯವರು ಶೇಕಡಾ 99.9 ಶುದ್ಧತೆಯ 30 ಕಿಲೋ ಗಟ್ಟಿಗಳನ್ನು ಭದ್ರತೆಯಲ್ಲಿ ಇಟ್ಟಿರುತ್ತಾರೆ. ಘಟಕ ಕೊಳ್ಳುವಾಗ ನಿಮಗೆ ಜಿಎಸ್‌ಟಿ ಇಲ್ಲ, ಮಜೂರಿ ಇಲ್ಲ, ಲಾಕರ್ ಬೇಡ. ಖರ್ಚು ಬೇರೆ ರೂಪದಲ್ಲಿ ಬರುತ್ತದೆ: ವರ್ಷಕ್ಕೆ ಅರ್ಧ ಶೇಕಡಾದ ಆಸುಪಾಸಿನ ನಿರ್ವಹಣಾ ವೆಚ್ಚ. ಹತ್ತು ವರ್ಷಕ್ಕೆ ಅದು ಶೇಕಡಾ 5. ಕಿಲೋ ಗಟ್ಟಿಯ ಒಂದೇ ಬಾರಿಯ ಶೇಕಡಾ 7ನ್ನು ಅದು ಮುಟ್ಟಲು ಸುಮಾರು ಹದಿನಾಲ್ಕು ವರ್ಷ ಬೇಕು. ಅದಕ್ಕೂ ಹೆಚ್ಚು ಕಾಲ, ಮೊಮ್ಮಕ್ಕಳವರೆಗೆ ಇಡುವವರಿಗೆ ಮಾತ್ರ ಗಟ್ಟಿ ಅಗ್ಗವಾಗುತ್ತದೆ. ಹತ್ತು ಗ್ರಾಂ ನಾಣ್ಯವಂತೂ ಈ ಪಂದ್ಯದಲ್ಲೇ ಇಲ್ಲ.

ತೆರಿಗೆಯಲ್ಲೂ ಇಟಿಎಫ್‌ಗೆ ಅನುಕೂಲವಿದೆ. 12 ತಿಂಗಳು ಮೀರಿದರೆ ದೀರ್ಘಾವಧಿ ಲಾಭವಾಗಿ ಶೇಕಡಾ 12.5 ತೆರಿಗೆ, ನಾಣ್ಯ, ಗಟ್ಟಿಗೆ ಅದೇ ದರ ಸಿಗಲು 24 ತಿಂಗಳು ಕಾಯಬೇಕು. ಅವಧಿಗೆ ಮೊದಲು ಮಾರಿದರೆ ಲಾಭ ನಿಮ್ಮ ಆದಾಯಕ್ಕೆ ಸೇರಿ ಆ ಹಂತದ ದರ ಬೀಳುತ್ತದೆ.

ಹಾಗೆಂದು ಇಟಿಎಫ್‌ನಲ್ಲಿ ಹೆಚ್ಚುವರಿ ಎಂಬುದೇ ಇಲ್ಲ ಎಂದು ತಿಳಿಯಬೇಡಿ. 2025ರ ಅಕ್ಟೋಬರ್‌ನಲ್ಲಿ ಲಂಡನ್ ಪೇಟೆಯಲ್ಲಿ ಬೆಳ್ಳಿಯ ಅಭಾವ ತಲೆದೋರಿತು, ನಮ್ಮಲ್ಲಿ ದೀಪಾವಳಿಯ ಬೇಡಿಕೆ ಅದರ ಜೊತೆ ಸೇರಿತು. ಇಟಿಎಫ್ ಘಟಕಗಳು ತಮ್ಮೊಳಗಿನ ಬೆಳ್ಳಿಯ ಮೌಲ್ಯಕ್ಕಿಂತ ಬಹಳ ಮೇಲಿನ ಬೆಲೆಗೆ, ಕೆಲವು ಸುಮಾರು ಶೇಕಡಾ 10ರಷ್ಟು ಹೆಚ್ಚಿಗೆ ಮಾರಾಟವಾದವು. ಹಲವು ಮ್ಯೂಚುವಲ್ ಫಂಡ್ ಸಂಸ್ಥೆಗಳು ಬೆಳ್ಳಿ ನಿಧಿಗಳಿಗೆ ದೊಡ್ಡ ಮೊತ್ತ ಒಮ್ಮೆಗೇ ಸ್ವೀಕರಿಸುವುದನ್ನು ಕೆಲಕಾಲ ನಿಲ್ಲಿಸಿದವು. ಆ ಗಡಿಬಿಡಿಯಲ್ಲಿ ಕೊಂಡವರು ಅಂಗಡಿಯ ನಾಣ್ಯದಷ್ಟೇ ಹೆಚ್ಚುವರಿ ತೆತ್ತರು. ಕೊಳ್ಳುವ ಮುನ್ನ ಘಟಕದ ಪೇಟೆ ಬೆಲೆಯನ್ನೂ ನಿಧಿಯ ಜಾಲತಾಣದಲ್ಲಿ ತೋರಿಸುವ ನಿವ್ವಳ ಮೌಲ್ಯವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಒಂದೆರಡು ಶೇಕಡಾಕ್ಕಿಂತ ಹೆಚ್ಚು ಅಂತರವಿದ್ದರೆ ಆ ದಿನ ಬಿಟ್ಟುಬಿಡಿ.

ಡಿಮ್ಯಾಟ್ ಖಾತೆ (ಷೇರು, ಘಟಕಗಳನ್ನು ಇಡುವ ಖಾತೆ) ಇಲ್ಲದವರು ಇಟಿಎಫ್‌ನಲ್ಲಿ ಹೂಡುವ ಫಂಡ್ ಆಫ್ ಫಂಡ್ ಮೂಲಕ ತಿಂಗಳ ಕಂತು ಕಟ್ಟಬಹುದು. ವೆಚ್ಚ ತುಸು ಹೆಚ್ಚು, ತೆರಿಗೆಗೆ 24 ತಿಂಗಳ ನಿಯಮ.

ಡಿಜಿಟಲ್ ಬೆಳ್ಳಿ, ಪೂಜೆಯ ಬೆಳ್ಳಿ

ಮೊಬೈಲ್ ಆ್ಯಪ್‌ಗಳಲ್ಲಿ ಹತ್ತು ರೂಪಾಯಿಗೂ ಸಿಗುವ ಡಿಜಿಟಲ್ ಬೆಳ್ಳಿಯನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ಕೊಳ್ಳುವಾಗ ಶೇಕಡಾ 3 ಜಿಎಸ್‌ಟಿ ಉಂಟು, ಕೊಳ್ಳುವ ದರಕ್ಕೂ ಮಾರುವ ದರಕ್ಕೂ ಅಂತರ ಉಂಟು, ಮೇಲ್ವಿಚಾರಣೆ ಮಾಡುವ ನಿಯಂತ್ರಕರು ಇಲ್ಲ. ಇದೇ ಮಾದರಿಯ ಡಿಜಿಟಲ್ ಚಿನ್ನ ತನ್ನ ವ್ಯಾಪ್ತಿಗೆ ಬರುವುದಿಲ್ಲ ಎಂದು ಸೆಬಿ 2025ರ ನವೆಂಬರ್‌ನಲ್ಲಿ ಸಾರ್ವಜನಿಕರನ್ನು ಎಚ್ಚರಿಸಿದೆ. ಗಟ್ಟಿಯ ಖರ್ಚೂ ಇದ್ದು ಇಟಿಎಫ್‌ನ ರಕ್ಷಣೆಯೂ ಇಲ್ಲದ ವ್ಯವಸ್ಥೆ ಇದು.

ದೀಪ, ಕಳಶ, ಅರಿಶಿನ ಕುಂಕುಮದ ಬಟ್ಟಲು, ಮಗುವಿನ ಉಡಿದಾರ, ಕಾಲ್ಗೆಜ್ಜೆ ಇವುಗಳನ್ನು ಬಳಸುವ ಸಂತೋಷಕ್ಕಾಗಿ ಮಾಡಿಸಿ. ಮಜೂರಿ, ಸವಕಳಿ ಎಲ್ಲ ಸೇರಿ ಇಲ್ಲಿಯ ಹೆಚ್ಚುವರಿ ನಾಣ್ಯವನ್ನೂ ಮೀರಿಸುತ್ತದೆ. ಕುಸುರಿ ಕೆಲಸ ನಿಲ್ಲಲು ತಾಮ್ರ ಬೆರೆಸಲೇಬೇಕಾದ್ದರಿಂದ ಶುದ್ಧತೆಯೂ ಸಾಮಾನ್ಯವಾಗಿ 925 ಅಥವಾ ಅದಕ್ಕಿಂತ ಕೆಳಗಿರುತ್ತದೆ. 2025ರ ಸೆಪ್ಟೆಂಬರ್ 1ರಿಂದ ಬೆಳ್ಳಿಗೂ ಎಚ್‌ಯುಐಡಿ ಸಂಖ್ಯೆಯಿರುವ (ಪ್ರತಿ ವಸ್ತುವಿಗೂ ಪ್ರತ್ಯೇಕವಾದ ಗುರುತಿನ ಸಂಖ್ಯೆ) ಹಾಲ್‌ಮಾರ್ಕ್ ಬಂದಿದೆ; ಚಿನ್ನಕ್ಕೆ ಅದು ಕಡ್ಡಾಯ, ಬೆಳ್ಳಿಗೆ ಅಲ್ಲ. ಆ ಗುರುತು ಇರುವುದನ್ನೇ ಕೇಳಿ ಪಡೆಯಿರಿ. ಮುಂದೆ ಬದಲಾಯಿಸುವ ದಿನ ಶುದ್ಧತೆಯ ವಾದಕ್ಕೆ ಅವಕಾಶ ಇರುವುದಿಲ್ಲ. ಜರ್ಮನ್ ಸಿಲ್ವರ್‌ನಲ್ಲಿ ಬೆಳ್ಳಿ ಎಳ್ಳಷ್ಟೂ ಇಲ್ಲ. ಅದು ತಾಮ್ರ, ನಿಕಲ್, ಸತುವಿನ ಮಿಶ್ರಣ.

ಹೊರದೇಶದ ಕನ್ನಡಿಗರಿಗೆ

ಅಮೆರಿಕದಲ್ಲಿರುವವರು ಕೇಳುವುದು ಸಾಮಾನ್ಯವಾಗಿ 1986ರಿಂದ ಬರುತ್ತಿರುವ ಸಿಲ್ವರ್ ಈಗಲ್ ಬಗ್ಗೆ. ಒಂದು ಟ್ರಾಯ್ ಔನ್ಸ್, ಅಂದರೆ 31.1 ಗ್ರಾಂ, 999 ಶುದ್ಧತೆ. ಖಾಸಗಿ ಟಂಕಸಾಲೆಗಳ ಅದೇ ತೂಕದ ಬಿಲ್ಲೆಗಳಿಗಿಂತ ಇದರ ಹೆಚ್ಚುವರಿ ಜಾಸ್ತಿ, ಆದರೆ ಅಲ್ಲಿಯ ವ್ಯಾಪಾರಿಗಳು ಮರಳಿ ಕೊಳ್ಳುವಾಗಲೂ ಅದಕ್ಕೆ ಹೆಚ್ಚು ಕೊಡುವುದರಿಂದ ಒಂದಷ್ಟು ಹಿಂದಿರುಗುತ್ತದೆ. ನಮ್ಮ ದೇಶದ ನಾಣ್ಯಕ್ಕೂ ಅದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ದೀರ್ಘಾವಧಿ ಲಾಭಕ್ಕೆ ಅಲ್ಲಿ ಸಂಗ್ರಹಯೋಗ್ಯ ವಸ್ತುಗಳ ದರ, ಗರಿಷ್ಠ ಶೇಕಡಾ 28. ಬ್ರಿಟನ್‌ನಲ್ಲಿ ಬೆಳ್ಳಿಗೆ ಶೇಕಡಾ 20 ವ್ಯಾಟ್ ತೆರಬೇಕು. ಬ್ರಿಟಾನಿಯಾ ನಾಣ್ಯ ಅಲ್ಲಿನ ಚಲಾವಣೆಯ ನಾಣ್ಯವಾದ್ದರಿಂದ ಬಂಡವಾಳ ಲಾಭದ ತೆರಿಗೆಯಿಲ್ಲ. ಇವನ್ನು ಊರಿಗೆ ಉಡುಗೊರೆಯಾಗಿ ತರುವ ಯೋಚನೆ ಬೇಡ. ಸುಂಕ ವಿನಾಯಿತಿ ಒಡವೆಗೆ ಇದೆ, ನಾಣ್ಯ ಮತ್ತು ಗಟ್ಟಿಗೆ ಇಲ್ಲ. ಇಲ್ಲಿಂದ ಅಜ್ಜಿಯ ರಾಣಿ ರೂಪಾಯಿಗಳನ್ನು ಒಯ್ಯುವವರೂ ಗಮನಿಸಬೇಕು: ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು, ಅದನ್ನು ದೇಶದಿಂದ ಹೊರಗೆ ಸಾಗಿಸುವುದು ಕಾನೂನಿಗೆ ವಿರುದ್ಧ.

ನಿಮ್ಮ ಅಗತ್ಯ ಯಾವುದು

ತಿಂಗಳಿಗೆ ಎರಡು, ಮೂರು ಸಾವಿರ ಉಳಿಸಿ ಹತ್ತು ವರ್ಷದ ನಂತರ ನೋಡುವವರಿಗೆ ಇಟಿಎಫ್ ಅಥವಾ ಫಂಡ್ ಆಫ್ ಫಂಡ್. ಕಾಗದದ ಮೇಲೆ ನಂಬಿಕೆಯಿಲ್ಲ, ಲಾಕರ್ ಇದೆ, ದೀರ್ಘಕಾಲ ಮುಟ್ಟುವುದಿಲ್ಲ ಎನ್ನುವವರಿಗೆ ಗಟ್ಟಿ, ಸಾಧ್ಯವಾದಷ್ಟು ದೊಡ್ಡದು. ವ್ಯಾಪಾರಕ್ಕೋ ಬೇಸಾಯಕ್ಕೋ ಆಗಾಗ ಅಡವಿಡಬೇಕಾದವರಿಗೆ 50 ಗ್ರಾಂ ನಾಣ್ಯಗಳು, 500 ಗ್ರಾಂವರೆಗೆ. ಮದುವೆ, ನಾಮಕರಣ, ಗೃಹಪ್ರವೇಶಗಳಿಗೆ ಕೊಡಲು ಹತ್ತು ಗ್ರಾಂ ನಾಣ್ಯ ಧಾರಾಳವಾಗಿ ಕೊಳ್ಳಿ. ಕೊಡುವ ಕೈಗೂ ಪಡೆಯುವ ಕೈಗೂ ಅದು ಹಬ್ಬ. ಅದರ ಹೆಚ್ಚುವರಿಯನ್ನು ಉಡುಗೊರೆಯ ಖರ್ಚಿಗೆ ಬರೆಯಿರಿ.

ಯಾವ ರೂಪದಲ್ಲಿ ಕೊಂಡರೂ ತಪ್ಪದ ಅಪಾಯ ದರದ ಏರಿಳಿತ. 1980ರ ಜನವರಿಯಲ್ಲಿ ಔನ್ಸ್‌ಗೆ 50 ಡಾಲರ್ ಸಮೀಪಕ್ಕೆ ಏರಿದ ಬೆಳ್ಳಿ ಮಾರ್ಚ್ 27ರಂದು 11 ಡಾಲರ್‌ಗಿಂತ ಕೆಳಗಿಳಿಯಿತು. 2011ರ ಏಪ್ರಿಲ್‌ನಲ್ಲಿ ಆ ಎತ್ತರದ ಹತ್ತಿರ ಬಂದು ಮತ್ತೆ ಜಾರಿತು. ಅದನ್ನು ಸ್ಪಷ್ಟವಾಗಿ ದಾಟಿದ್ದು 2025ರಲ್ಲಿ. ಡಾಲರ್ ಎದುರು ರೂಪಾಯಿ ಇಳಿಯುತ್ತ ಬಂದದ್ದರಿಂದ ನಮ್ಮವರಿಗೆ ಪೆಟ್ಟು ಅಷ್ಟು ಬೀಳಲಿಲ್ಲ, ಆದರೆ ಸುಂಕದ ನಿರ್ಧಾರಗಳೂ ಇವೆ: 2024ರ ಜುಲೈ ಬಜೆಟ್‌ನಲ್ಲಿ ಆಮದು ಸುಂಕ ಶೇಕಡಾ 15ರಿಂದ 6ಕ್ಕೆ ಇಳಿದ ದಿನ ಮನೆಯಲ್ಲಿದ್ದ ಬೆಳ್ಳಿಯ ಬೆಲೆಯೂ ಇಳಿಯಿತು. ಮಗಳ ಮದುವೆಗೆ ಮುಂದಿನ ವರ್ಷ ಬೇಕಾದ ಹಣವನ್ನು ಬೆಳ್ಳಿಗೆ ಹಾಕಬೇಡಿ.

ಅಂಗಡಿಯ ಕಟ್ಟೆಯ ಮುಂದೆ

ದರ ಕೇಳುವ ಮುನ್ನವೇ ಹೀಗೆ ಕೇಳಿ: ಇದೇ ನಾಣ್ಯವನ್ನು ಇವತ್ತು ನಾನು ತಂದಿದ್ದರೆ ನಗದಾಗಿ ಎಷ್ಟು ಕೊಡುತ್ತೀರಿ? ಬದಲಿಗೆ ಒಡವೆ ತೆಗೆದುಕೊಂಡರೆ ಎಷ್ಟು ಎಂಬುದು ಬೇರೆ ಪ್ರಶ್ನೆ, ಬೇರೆ ಉತ್ತರ, ಎರಡನ್ನೂ ಕೇಳಿ. ಎರಡು ಅಂಗಡಿಗಳಲ್ಲಿ ಕೇಳಿದರೆ ಯಾವುದು ನಿಜಕ್ಕೂ ಅಗ್ಗ ಎಂಬುದು ಅಲ್ಲೇ ಗೊತ್ತಾಗುತ್ತದೆ. ಬಿಲ್ಲಿನಲ್ಲಿ ತೂಕ, ಶುದ್ಧತೆ, ಮಜೂರಿ, ಜಿಎಸ್‌ಟಿ ಬೇರೆಬೇರೆಯಾಗಿ ನಮೂದಾಗಿರಲಿ.

ಮುದ್ರೆಯಿಲ್ಲದ ನಾಣ್ಯ, ಗಟ್ಟಿಗಳನ್ನು ಮನೆಯಲ್ಲೇ ಪರೀಕ್ಷಿಸುವ ಒಂದು ಉಪಾಯವಿದೆ. ಸಣ್ಣ ಡಿಜಿಟಲ್ ತಕ್ಕಡಿಯ ಮೇಲೆ ಅರ್ಧ ಲೋಟ ನೀರಿಟ್ಟು ಅಂಕಿಯನ್ನು ಸೊನ್ನೆಗೆ ತನ್ನಿ. ತೆಳುವಾದ ದಾರಕ್ಕೆ ಬೆಳ್ಳಿಯನ್ನು ಕಟ್ಟಿ, ತಳಕ್ಕೂ ಬದಿಗೂ ತಾಗದಂತೆ ನೀರಿನಲ್ಲಿ ಪೂರ್ತಿ ಮುಳುಗಿಸಿ ಹಿಡಿಯಿರಿ. ಬೆಳ್ಳಿಯ ಸಾಂದ್ರತೆ 10.49 ಆದ್ದರಿಂದ ನೂರು ಗ್ರಾಂ ಶುದ್ಧ ಬೆಳ್ಳಿಗೆ ತಕ್ಕಡಿ 9.5 ಗ್ರಾಂ ಆಸುಪಾಸು ತೋರಿಸಬೇಕು. 11ರ ಮೇಲೆ ಬಂದರೆ ಒಳಗಿರುವುದು ತಾಮ್ರದ ಮಿಶ್ರಣ; 8.8ರ ಹತ್ತಿರ ಬಂದರೆ ಸೀಸದ ಮೇಲೆ ಬೆಳ್ಳಿಯ ಲೇಪ ಇರುವ ಸಾಧ್ಯತೆ. 999ಕ್ಕೂ 925ಕ್ಕೂ ಇರುವ ಸೂಕ್ಷ್ಮ ವ್ಯತ್ಯಾಸ ಇದರಲ್ಲಿ ಸರಿಯಾಗಿ ಸಿಗುವುದಿಲ್ಲ, ಅದಕ್ಕೆ ಅಂಗಡಿಯ ಕ್ಷಕಿರಣ ಯಂತ್ರವೇ ಬೇಕು. ಆ ಯಂತ್ರ ಮೇಲ್ಮೈಯನ್ನು ಮಾತ್ರ ಓದುತ್ತದೆ, ಹಾಗಾಗಿ ದಪ್ಪ ಗಟ್ಟಿಗೆ ಎರಡೂ ಪರೀಕ್ಷೆ ಮಾಡಿಸಿ.

ಮಾರುವ ದಿನ ಆ ಹಳೆಯ ಬಿಲ್ಲನ್ನು ಜೊತೆಗೆ ಒಯ್ಯಿರಿ, ಕೊಂಡ ಅಂಗಡಿಗೇ ಮೊದಲು ಹೋಗಿ. ತೂಕ ನಿಮ್ಮ ಕಣ್ಣೆದುರೇ ಆಗಲಿ. ಕರಗಿಸಿ ನೋಡುತ್ತೇವೆ ಎಂದರೆ ದರ, ಕಡಿತ ಎರಡನ್ನೂ ಕಾಗದದಲ್ಲಿ ಬರೆಸಿಕೊಂಡ ಮೇಲೆಯೇ ಒಪ್ಪಿ, ಕರಗಿದ ಮೇಲೆ ಚೌಕಾಸಿ ಮಾಡಲು ನಿಮ್ಮ ಕೈಯಲ್ಲಿ ನಾಣ್ಯವೇ ಇರುವುದಿಲ್ಲ.